ಭಟ್ಟರ ಕಾಲಿನ ಪ್ಲಾಸ್ಟರು

ಚೀನಾದಿಂದ ಪುಣೆಗೆ ಮರಳಿದ ಮೇಲೆ ಮೊದಮೊದಲು ನಾನು ಮಾಡಿದ ಕೆಲಸವೆಂದರೆ ಕೊರಳೊಡ್ಡಿ ಹಾರ ಹಾಕಿಸಿಕೊಳ್ಳುವುದು. ಸ್ತ್ರೀಯರ ಸಮಾಜದಲ್ಲಿ ಒಂದು ಹಾರ, ಧಾರವಾಡ ಕಡೆಯವರು ಸೇರುವ ಮಂಡಳಿಯಲ್ಲಿ ಒಂದು, ನಮ್ಮ ವಾಡೆಯ ಅಂಗಳದಲ್ಲಿ ಬಿಡಾರದವರೆಲ್ಲ ಸೇರಿ ಇನ್ನೊಂದು. ಭಾಷಣ ಮುಗಿದ ಮೇಲೆ ಎಲ್ಲರೂ ಮೆಲ್ಲಗೆ ಹತ್ತಿರ ಬಂದು ಒಂದೇ ಮಾತು ಕೇಳುತ್ತಿದ್ದರು: ಅಲ್ಲಿ ಊಟಕ್ಕೆ ಏನು ಮಾಡುತ್ತಿದ್ದಿರಿ? ಅನ್ನ, ಸೊಪ್ಪು ಎಂದರೆ ಅವರ ಮುಖ ಸಪ್ಪೆಯಾಗುತ್ತಿತ್ತು. ಕೊನೆಗೆ ಬೇಸತ್ತು ಒಬ್ಬ ವಕೀಲರ ಹೆಂಡತಿಗೆ, "ಹಾವಿನ ಪಲ್ಯ ಭಾಳ ರುಚಿ ಇರ್ತದ್ರಿ" ಎಂದುಬಿಟ್ಟೆ. ಆ ಮನೆಯಿಂದ ಮತ್ತೆ ಅರಿಸಿನ ಕುಂಕುಮಕ್ಕೆ ಕರೆ ಬರಲಿಲ್ಲ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ನಾನು ಹೋದದ್ದು ಸ್ವಯಂಸೇವಕಿಯಾಗಿ. ಜಪಾನಿನ ದಾಳಿಗೆ ಸಿಕ್ಕ ಊರುಗಳಿಂದ ಹಿಂದಕ್ಕೆ, ಬೆಟ್ಟಗಳ ನಡುವೆ, ಒಂದು ಹಳೆಯ ಧಾನ್ಯದ ಕೋಠಿಯನ್ನೇ ಆಸ್ಪತ್ರೆ ಮಾಡಿದ್ದರು. ಪುಣೆಯಲ್ಲಿ ನಾನು ಹೆರಿಗೆ ಡಾಕ್ಟರು. ಅಲ್ಲಿ ಹೆರಿಗೆಗೆ ಯಾರೂ ಬರಲಿಲ್ಲ. ಬಂದವರೆಲ್ಲ ಕೈಕಾಲು ಮುರಿದ ಸಿಪಾಯಿಗಳು, ರೈತರು. ಯುರೋಪಿನ ಯಾವುದೋ ಯುದ್ಧ ಮುಗಿಸಿ ಅಲ್ಲಿಗೆ ಬಂದಿದ್ದ ಒಬ್ಬ ಸರ್ಜನ್, ನನಗೆ ಬರುವುದೇನು ಬರದಿರುವುದೇನು ಎಂದು ವಿಚಾರಿಸದೆ ಕೈಗೆ ಕತ್ತರಿ ಕೊಟ್ಟರು. ಹೀಗೆ ನಾನು ಮೂಳೆಯ ಕೆಲಸ ಕಲಿತೆ.

ಮರಳಿ ಬಂದದ್ದಕ್ಕೆ ನನಗೆ ಹಿಗ್ಗಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆಕಾಶದಲ್ಲಿ ವಿಮಾನದ ಸದ್ದಾದರೆ ಗುಂಡಿಯೊಳಗೆ ಹಾರಬೇಕಾಗಿಲ್ಲ. ಕುಡಿಯುವ ನೀರಿಗೆ ವಾಸನೆ ಇಲ್ಲ. ಒಲೆಯ ಮುಂದೆ ಕೂತರೆ ಅವ್ವ ಬಿಸಿ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತಾಳೆ, ಬೇಡವೆಂದರೂ ಹಾಕುತ್ತಾಳೆ. ಇಷ್ಟಾದರೂ ಎಲ್ಲೋ ಒಂದು ಮುಳ್ಳು ಮುರಿದುಕೊಂಡು ಕೂತಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ಮತ್ತೆ ಹೆರಿಗೆ ವಾರ್ಡಿಗೇ ಹಾಕಿದರು. ಕಲಿತದ್ದನ್ನೆಲ್ಲ ಟ್ರಂಕಿನಲ್ಲಿ ಮಡಿಸಿ ಇಟ್ಟುಬಿಡಬೇಕೇನೋ ಎಂದು ಸಿಟ್ಟು ಬರುತ್ತಿತ್ತು. ಹೆಂಗಸು ಗಂಡಸಿನ ತೊಡೆಗೆ ಪಟ್ಟಿ ಸುತ್ತುವುದನ್ನು ನೋಡುವ ಧೈರ್ಯ ನಮ್ಮ ಪೇಠೆಗೆ ಇನ್ನೂ ಬಂದಿರಲಿಲ್ಲ.

ಅದು ಯುದ್ಧದ ಕಾಲ. ನಮ್ಮ ಧರ್ಮಾರ್ಥ ಆಸ್ಪತ್ರೆಯ ಹರೆಯದ ಡಾಕ್ಟರುಗಳೆಲ್ಲ ಫೌಜಿಗೆ ಸೇರಿಬಿಟ್ಟಿದ್ದರು. ಬೆಳಗಾವಿ ಕಡೆಯ ಒಬ್ಬ ಹಿರಿಯ ಸರ್ಜನ್, ನಿವೃತ್ತರಾಗಿದ್ದವರು, ಮತ್ತೆ ಬಂದು ಇಡೀ ಗಂಡಸರ ವಾರ್ಡನ್ನು ಒಬ್ಬರೇ ಎಳೆಯುತ್ತಿದ್ದರು. ಅವರಿಗೆ ಕಣ್ಣಿನ ಪೊರೆ ಶುರುವಾಗಿತ್ತು. ಆದರೆ ಬಾಯಿ ಚುರುಕಾಗಿತ್ತು.

ಗಣಪತಿ ಕಳಿಸಿ ಸ್ವಲ್ಪ ದಿನವಾಗಿತ್ತು, ಮಳೆ ಇನ್ನೂ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಟಾಂಗಾದಲ್ಲಿ ಒಬ್ಬ ಗಾಯಾಳುವನ್ನು ತಂದರು. ತರಕಾರಿ ಮಂಡಿಯ ಹತ್ತಿರ ದಕ್ಷಿಣ ಕನ್ನಡದವರದೊಂದು ಹೋಟೆಲ್ ಇತ್ತು. ಗಾಯಾಳು ಅಲ್ಲಿಯ ಅಡುಗೆಯವರು, ಎಲ್ಲರೂ ಭಟ್ಟರು ಎಂದೇ ಕರೆಯುತ್ತಿದ್ದರು, ಮೂವತ್ತು ದಾಟಿದ ಗಟ್ಟಿ ಆಳು. ಕಾತ್ರಜ ಕಡೆಯಿಂದ ಬಂದ ಚಕ್ಕಡಿಯ ಹಿಂದೆ ನಿಂತು ಕಟ್ಟಿಗೆ ಇಳಿಸುತ್ತಿದ್ದಾಗ ಎತ್ತು ಬೆದರಿ ಗಾಡಿ ಹಿಂದಕ್ಕೆ ಸರಿದಿದೆ. ಕಬ್ಬಿಣದ ಪಟ್ಟಿಯ ಗಾಲಿ ಅವರ ಮೊಳಕಾಲ ಕೆಳಗೆ ಹತ್ತಿ ಇಳಿದಿದೆ. ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ಗಾಯದ ತುಂಬ ರಸ್ತೆಯ ಕೆಸರು, ಗಾಲಿಯ ಕೀಲೆಣ್ಣೆ, ತೊಗಟೆಯ ಚೂರು.

ಹಿರಿಯರು ಬಗ್ಗಿ ನೋಡಿ, "ಮೊಳಕಾಲ ಕೆಳಗ ತಗದುಬಿಡೋಣ" ಎಂದರು.

ಭಟ್ಟರಿಗೆ ಪೂರ್ತಿ ಎಚ್ಚರವಿತ್ತು. "ತೆಗೀಬೇಡಿ ಸ್ವಾಮಿ" ಎಂದರು. "ಒಲೆ ಮುಂದೆ ದಿನಕ್ಕೆ ಎಷ್ಟು ಹೊತ್ತು ನಿಲ್ಲಲಿಕ್ಕುಂಟು, ನಿಮಗೆ ಗೊತ್ತಿಲ್ಲ. ಒಂಟಿ ಕಾಲಿನ ಅಡುಗೆಯವನನ್ನು ಯಾರು ಇಟ್ಕೊಳ್ತಾರೆ? ಊರಲ್ಲಿ ಹೆಂಡತಿ ಮಕ್ಕಳು ನನ್ನನ್ನೇ ನಂಬಿ ಕೂತಿದ್ದಾರೆ."

ಪಕ್ಕದಲ್ಲಿ ನಿಂತಿದ್ದ ಹೋಟೆಲಿನ ಯಜಮಾನರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸರ್, ಈ ಕಾಲು ಉಳಸಬಹುದು. ನಾ ಮಾಡ್ತೀನಿ."

ಹಿರಿಯರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಹ್ಯಾಂಗ ಮಾಡ್ತಿ?"

ಹೇಳಿದೆ. ಇಂಥ ಗಾಯಕ್ಕೆ ನಮ್ಮಲ್ಲಿ ದಿನವೂ ಪಟ್ಟಿ ಬಿಚ್ಚಿ, ತೊಳೆದು, ಮತ್ತೆ ಕಟ್ಟುವ ಪದ್ಧತಿ. ಬಿಚ್ಚಿದಾಗಲೆಲ್ಲ ಮೂಳೆ ಅಲುಗುತ್ತಿತ್ತು, ಹೊಸ ಕೊಳೆ ಸೇರುತ್ತಿತ್ತು, ಕಡೆಗೆ ಕೀವು ಮೇಲೇರಿ ಕಾಲು ತೆಗೆಯುವುದೇ ಆಗುತ್ತಿತ್ತು. ಚೀನಾದಲ್ಲಿ ನಾನು ಕಲಿತದ್ದು ಇದರ ತಿರುವುಮುರುವು. ಮೊದಲ ದಿನವೇ ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಮೂಳೆ ಕೂಡಿಸಬೇಕು. ಗಾಯಕ್ಕೆ ಹೊಲಿಗೆ ಹಾಕದೆ ವ್ಯಾಸಲೀನು ಸವರಿದ ಜಾಳಿಗೆ ಬಟ್ಟೆ ತುಂಬಬೇಕು. ಅದರ ಮೇಲೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿ ಮುಚ್ಚಿಬಿಡಬೇಕು. ಆಮೇಲೆ ವಾರಗಟ್ಟಲೆ ಮುಟ್ಟಬಾರದು. ಕೀವು ಒಳಗೇ ಆಗುತ್ತದೆ, ಸೋರುತ್ತದೆ, ನಾರುತ್ತದೆ. ನಾರಲಿ ಎಂದು ಬಿಡಬೇಕು.

"ನಾರಲಿ ಅಂತ ಬಿಡೋದು" ಎಂದು ಹಿರಿಯರು ನನ್ನ ಮಾತನ್ನೇ ಚಪ್ಪರಿಸಿದರು. "ಚೊಲೋ ವೈದ್ಯ ಕಲತು ಬಂದೀ ತಂಗಿ." ಸ್ವಲ್ಪ ಹೊತ್ತು ಗಾಯ ನೋಡುತ್ತ ನಿಂತು, "ಆತು. ಮಾಡು. ಆದರ ಕರಾರು ಕೇಳು. ಜ್ವರ ಏರಿ ಇಳೀದಿದ್ದರ, ನಾಲಿಗಿ ಒಣಗಿದರ, ತೊಡಿ ಸಂದಿಯೊಳಗ ಗಂಟು ಕಟ್ಟಿದರ ನಿನ್ನ ಕೇಳಂಗಿಲ್ಲ. ಅವತ್ತ ಕಾಲು ತಗೀತೀನಿ" ಎಂದರು.

ಕ್ಲೋರೋಫಾರ್ಮ್ ಕೊಟ್ಟು ಶುರು ಮಾಡಿದೆವು. ಮಾಂಸವನ್ನು ಚಿಮಟಿಗೆಯಿಂದ ಹಿಡಿದು ಚಿವುಟಬೇಕು. ಅದು ಮಿಡುಕಿದರೆ, ಕತ್ತರಿಸಿದಲ್ಲಿ ರಕ್ತ ಬಂದರೆ ಬಿಡಬೇಕು. ಮಿಡುಕದಿದ್ದರೆ ತೆಗೆಯಬೇಕು. ಇದರಲ್ಲಿ ದಯೆ ತೋರಿಸಿದರೆ ಕಾಲು ಹೋಗುತ್ತದೆ ಎಂದು ಚೀನಾದಲ್ಲಿ ಆ ಸರ್ಜನ್ ಹೇಳುತ್ತಿದ್ದರು. ನಾನು ದಯೆ ತೋರಿಸಲಿಲ್ಲ. ಕೆಸರು, ಕೀಲೆಣ್ಣೆ, ತೊಗಟೆ ಎಲ್ಲ ಹೋಗುವತನಕ ಉಪ್ಪುನೀರು ಸುರಿದೆ. ಹಿರಿಯರು ಹಿಮ್ಮಡಿ ಹಿಡಿದು ಎಳೆದರು, ನಾನು ಮೂಳೆಯ ತುದಿಗಳನ್ನು ಬೆರಳಲ್ಲೇ ಕೂಡಿಸಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಪ್ಲಾಸ್ಟರಿನ ಪಟ್ಟಿಯನ್ನು ನರ್ಸ್ ನೀರಿನಲ್ಲಿ ಅದ್ದಿ ಕೊಟ್ಟಳು. ಸುತ್ತಿದೆ. ಕಾದೆ. ಅದು ಗಟ್ಟಿಯಾಗಲಿಲ್ಲ, ಮಜ್ಜಿಗೆಯ ಹಾಗೆ ಕಾಲಿನಿಂದ ಇಳಿದು ಮೇಜಿನ ಮೇಲೆ ಹರಿಯಿತು. ಇನ್ನೊಂದು ಪಟ್ಟಿ ತೆಗೆದರೂ ಅದೇ ಕತೆ. ಮಳೆಗಾಲವಿಡೀ ಬಾಯಿ ತೆರೆದ ಡಬ್ಬಿಯಲ್ಲಿದ್ದ ಪುಡಿ ಹಸಿ ಹಿಡಿದು ಸತ್ತುಹೋಗಿತ್ತು. ಹಿರಿಯರು ಕಾಲು ಎಳೆದು ಹಿಡಿದುಕೊಂಡೇ ನಿಂತಿದ್ದರು, ಬಿಟ್ಟರೆ ಮೂಳೆ ಜಾರುತ್ತಿತ್ತು.

ಚೀನಾದಲ್ಲಿ ಪ್ಲಾಸ್ಟರು ಡಬ್ಬಿಯಲ್ಲಿ ಬರುತ್ತಿರಲಿಲ್ಲ. ಬೆಟ್ಟದ ಕಲ್ಲು ಪುಡಿ ಮಾಡಿ ಬಾಣಲೆಯಲ್ಲಿ ಹುರಿದು ನಾವೇ ಮಾಡಿಕೊಳ್ಳುತ್ತಿದ್ದೆವು. ವರಾಂಡದಲ್ಲಿ ಕಾಯುತ್ತಿದ್ದ ಹೋಟೆಲಿನ ಯಜಮಾನರನ್ನು ಕೂಗಿ, ಪುಡಿಯ ಡಬ್ಬಿ ಕೈಗಿಟ್ಟು, ಆಸ್ಪತ್ರೆಯ ಅಡುಗೆಮನೆಯಲ್ಲಿ ಒಣ ಬಾಣಲೆಗೆ ಹಾಕಿ ಹುರಿಯಲು ಹೇಳಿದೆ.

"ಉಪ್ಪಿಟ್ಟಿಗೆ ರವೆ ಹುರಿದ ಹಾಗೆ. ಕೆಂಪಾಗಬಾರದು."

"ರವೆ ಕೆಂಪಾಗದ ಹಾಗೆ ಹುರೀಲಿಕ್ಕೆ ನನಗೆ ಹೇಳಿಕೊಡ್ಬೇಕಾ ಅಮ್ಮ?" ಎಂದು ಅವರು ಪಂಚೆ ಎತ್ತಿ ಕಟ್ಟಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಅವರ ದನಿ ಬಂತು: "ಅಮ್ಮಾ, ಇದು ನೀರಿಲ್ಲದೆ ಕುದೀತಾ ಉಂಟು, ಎಂತ ಮಾಡುದು?" ಕುದಿಯಲೇಬೇಕು, ಹಿಡಿದ ಹಸಿ ಬಿಡುವುದು ಹಾಗೆಯೇ. ಕುದಿ ನಿಂತ ಮೇಲೆ ಇಳಿಸಿ ಆರಿಸಿ ತಂದರು. ಒಂದು ಚಿಟಿಕೆ ಬಸಿಗೆ ಹಾಕಿ ನೀರು ಬಿಟ್ಟೆ. ಬಸಿ ಬೆಚ್ಚಗಾಯಿತು, ಪುಡಿ ಕಲ್ಲಾಯಿತು. ಹಿರಿಯರು ಅಷ್ಟು ಹೊತ್ತೂ ಕಾಲು ಬಿಟ್ಟಿರಲಿಲ್ಲ. ಜಾಳಿಗೆ ಬಟ್ಟೆಗೆ ಹೊಸ ಪುಡಿ ತಿಕ್ಕಿ, ತೊಡೆಯಿಂದ ಪಾದದವರೆಗೆ ಸುತ್ತಿ, ಬೆರಳುಗಳನ್ನಷ್ಟೇ ಹೊರಗೆ ಬಿಟ್ಟೆ.

ನಾಲ್ಕನೆಯ ದಿನಕ್ಕೆ ವಾಸನೆ ಶುರುವಾಯಿತು. ಸತ್ತ ಇಲಿಯ ವಾಸನೆ ಎಂದರೆ ಇಲಿಗೆ ಅವಮಾನ. ಬಿಳಿ ಪ್ಲಾಸ್ಟರಿನ ಮೇಲೆ ಕಂದು ಕಲೆ ಮೂಡಿ ಹರಡತೊಡಗಿತು. ಪಕ್ಕದ ಮಂಚದವರು ಮೂಗಿಗೆ ಪಂಚೆಯ ಸೆರಗು, ಟವೆಲು ಹಿಡಿದು ಗೋಡೆಯ ಕಡೆ ತಿರುಗಿದರು. ವಾರ ಕಳೆಯುವುದರಲ್ಲಿ ವಾರ್ಡಿನವರೆಲ್ಲ ಸೇರಿ, ಒಂದೋ ಅವರು ಇರಬೇಕು ಇಲ್ಲವೇ ನಾವು ಎಂದು ಹೆಡ್ ನರ್ಸಿಗೆ ಹೇಳಿದರು. ಭಟ್ಟರ ಮಂಚ ವರಾಂಡಕ್ಕೆ ಹೋಯಿತು. ಅಲ್ಲಿ ಮಳೆಯ ಎರಚಲು ಹೊಡೆಯುತ್ತಿತ್ತು. ಕೊನೆಗೆ ಯಜಮಾನರೇ ಅವರನ್ನು ಹೋಟೆಲಿನ ಮೇಲಿನ ಕೋಣೆಗೆ ಎತ್ತಿಸಿಕೊಂಡು ಹೋದರು. ಹೋಟೆಲಿನ ಕೆಲಸದವರೆಲ್ಲ ಮಲಗುತ್ತಿದ್ದದ್ದು ಅದೇ ಕೋಣೆಯಲ್ಲಿ.

ಹೋಟೆಲಿನ ಮೇಲೆ ನಾರುವ ಕಾಲು, ಕೆಳಗೆ ಉಣ್ಣುವ ಗಿರಾಕಿ. ಯಜಮಾನರು ಮೆಟ್ಟಿಲ ಬುಡದಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಾಂಬ್ರಾಣಿ ಹಾಕಿಸಿದರು. ಗಿರಾಕಿಗಳು, ದಿನವೂ ಸತ್ಯನಾರಾಯಣ ಪೂಜೆಯೇ ಎಂದು ಮರಾಠಿಯಲ್ಲಿ ಕೇಳಿದರಂತೆ. ಪ್ರಸಾದ ಬಾರದ್ದು ನೋಡಿ ಒಬ್ಬೊಬ್ಬರಾಗಿ ಎದುರಿನ ಖಾನಾವಳಿಗೆ ಹೋಗಲು ಶುರು ಮಾಡಿದರು. ಯಜಮಾನರು ನನ್ನ ಹತ್ತಿರ ಒಮ್ಮೆಯೂ ದೂರಲಿಲ್ಲ. ಒಂದೇ ಒಂದು ಸಲ, "ಇನ್ನೂ ಎಷ್ಟು ದಿನ ಉಂಟು ಅಮ್ಮ?" ಎಂದು ಕೇಳಿದರು. ಕಾರ್ತಿಕ ಮಾಸ ಬರಲಿ ಎಂದೆ. ಅವರು ತಲೆ ಆಡಿಸಿ ಗಲ್ಲಾದ ಕಡೆಗೆ ಹೋದರು.

ಹೆರಿಗೆ ವಾರ್ಡಿನ ಕೆಲಸ ಮುಗಿಸಿ ದಿನವೂ ಸಂಜೆ ಆ ಮೆಟ್ಟಿಲು ಹತ್ತುತ್ತಿದ್ದೆ. ಹೊರಗೆ ಬಿಟ್ಟ ಬೆರಳುಗಳ ಉಗುರು ಒತ್ತಿ, ಬಣ್ಣ ಮರಳುತ್ತದೆಯೇ ನೋಡುತ್ತಿದ್ದೆ. ನಾಲಿಗೆ, ನಾಡಿ, ಜ್ವರ, ತೊಡೆಯ ಸಂದು, ಎಲ್ಲ ನೋಡುತ್ತಿದ್ದೆ. ಭಟ್ಟರಿಗೆ ಗಾಯಕ್ಕಿಂತ ನಾಚಿಕೆಯೇ ಹೆಚ್ಚು ನೋಯುತ್ತಿತ್ತು. "ಹುಳಿ ಹಿಡಿದ ಸಾಂಬಾರನ್ನು ಮೂಸಿ ನೋಡಿ ಚೆಲ್ಲುವವ ನಾನು. ಈಗ ನನ್ನನ್ನೇ ಚೆಲ್ಲುವ ಹಾಗಾಯ್ತು" ಎನ್ನುತ್ತಿದ್ದರು. ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವುದು ಅವರಲ್ಲಿ ಇಲ್ಲ. ದಿನವೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಅದನ್ನು ಅವರು ಸ್ನಾನದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಮನೆಯಲ್ಲಿ ಅವ್ವ ನನ್ನನ್ನು ಹಿತ್ತಲ ಬಾಗಿಲಲ್ಲೇ ತಡೆಯುತ್ತಿದ್ದಳು. "ಹೆರಿಗಿ ಮಾಡಿ ಬಂದರ ಅದೊಂದು ಮೈಲಿಗಿ, ಗೊತ್ತದ. ಇದು ಯಾವ ಮೈಲಿಗಿ? ಚೀನಾದಿಂದ ಏನೇನು ತಂದೀ ನೀ?" ಎಂದು ಬಿಸಿನೀರು ತೋಡಿ ಕೊಡುತ್ತಿದ್ದಳು. ನಾನು ಸ್ನಾನ ಮಾಡುವಾಗ ಬಾಗಿಲ ಆಚೆ ನಿಂತು, ಆ ಮನುಷ್ಯನ ಜ್ವರ ಹೇಗಿದೆ ಎಂದು ಕೇಳುತ್ತಿದ್ದಳು. ಮರುದಿನ ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಅಡುಗೆಯವರಿಗೆ ಚಟ್ನಿ ಕಳಿಸುವುದೇ ಎಂದರೆ, "ಅವರ ಮಂದಿಗೆ ಖಾರ ಹಾಕಲಿಕ್ಕೆ ಬರಂಗಿಲ್ಲ" ಎಂದಳು.

ಹೀಗೆ ದೀಪಾವಳಿ ಬಂತು.

ನರಕ ಚತುರ್ದಶಿಯ ಬೆಳಿಗ್ಗೆ ನಾನೂ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡು, ಅವ್ವ ಕೊಟ್ಟ ಚಕ್ಕಲಿಯ ಡಬ್ಬಿ ಹಿಡಿದು ಹೋಟೆಲಿಗೆ ಹೋದೆ. ಮೆಟ್ಟಿಲು ಹತ್ತಿದರೆ ಭಟ್ಟರು ಗೋಡೆಗೆ ಒರಗಿ ಕೂತಿದ್ದಾರೆ. ತಲೆ ಬಾಚಿದ್ದಾರೆ, ಹಣೆಗೆ ಗಂಧ, ಮೈಯೆಲ್ಲ ಎಳ್ಳೆಣ್ಣೆಯ ಮಿಂಚು. ಮುಖ ತುಂಬ ಖುಷಿ. ನನ್ನ ಕಣ್ಣು ಕಾಲಿಗೆ ಹೋಯಿತು. ಪ್ಲಾಸ್ಟರಿನ ಸುತ್ತ ಬಾಳೆ ಎಲೆ ಸುತ್ತಿ ಬಾಳೆನಾರಿನಿಂದ ಅಚ್ಚುಕಟ್ಟಾಗಿ ಬಿಗಿದಿದ್ದರು. ನಾರು ಕತ್ತರಿಸಿ ಎಲೆ ಸರಿಸಿದೆ. ತೊಡೆಯ ಮೇಲಿನ ಬಾಯಿಯಿಂದ ನೀರು ಇಳಿದು, ಇಡೀ ಪ್ಲಾಸ್ಟರು ನೆನೆದ ಹಪ್ಪಳದ ಹಾಗೆ ಮೆತ್ತಗಾಗಿತ್ತು. ಬೆರಳು ಒತ್ತಿದರೆ ಒಳಕ್ಕೆ ಹೋಯಿತು, ಕಂದು ನೀರು ಜಿನುಗಿತು.

"ಯಾರು ಮಾಡಿದ್ದು ಇದನ್ನ?"

"ಎಲ್ಲರೂ ಸೇರಿಯೇ ಅಮ್ಮ" ಎಂದರು ಭಟ್ಟರು. "ನಿನ್ನೆ ಹಂಡೆ ತೊಳೆದು ನೀರು ತುಂಬಿಸಿದ್ದಾರೆ, ನಮ್ಮಲ್ಲಿ ಅದೇ ದೊಡ್ಡ ಹಬ್ಬ. ಇವತ್ತು ಎಣ್ಣೆ ನೀರು ಬೀಳದಿದ್ರೆ ಹೇಗೆ? ನೀರು ಹೋಗದ ಹಾಗೆ ಎಲೆ ಕಟ್ಟಿದ್ದೇವೆ. ಮಿಂದಾದ ಮೇಲೆ ಅಡುಗೆಮನೆ ಬಾಗಿಲಲ್ಲಿ ಕೂತು ಇವತ್ತಿನ ಪಾಯಸ ಆದ್ರೂ ನೋಡುವ ಅಂತ ಇತ್ತು."

ನನಗೆ ಬಂದ ಸಿಟ್ಟು ಇಷ್ಟೇ ಎಂದು ಹೇಳುವಂತಿಲ್ಲ. ಕನ್ನಡದಲ್ಲಿ ಬೈದೆ, ಮರಾಠಿಯಲ್ಲಿ ಬೈದೆ, ಚೀನಾದಲ್ಲಿ ಹೇಸರಗತ್ತೆ ಹೊಡೆಯುವವರಿಂದ ಕಲಿತ ನಾಲ್ಕು ಮಾತನ್ನೂ ಬಳಸಿದೆ. ಸುತ್ತ ನಿಂತಿದ್ದ ಕೆಲಸದವರು ತಲೆ ತಗ್ಗಿಸಿದರು. ಅವರೆಲ್ಲರ ತಲೆಯಿಂದಲೂ ಎಣ್ಣೆ ಇಳಿಯುತ್ತಿತ್ತು. ಎಷ್ಟು ಪ್ರೀತಿಯಿಂದ ಈ ಅನಾಹುತ ಮಾಡಿದ್ದರೆಂಬುದು ಆ ಬಾಳೆನಾರಿನ ಗಂಟು ನೋಡಿದರೇ ತಿಳಿಯುತ್ತಿತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಿತು.

ಯಜಮಾನರು ಟಾಂಗಾ ಕಳಿಸಿ ಹಿರಿಯ ಸರ್ಜನರನ್ನು ಕರೆಸಿದರು. ಹಬ್ಬದ ಹೊಸ ಕೋಟು ಹಾಕಿಕೊಂಡು ಬಂದವರು ಕಾಲನ್ನು ಒತ್ತಿ ನೋಡಿ, "ನೀರು ಒಳಗ ಹೋಗೇದ. ಬಿಚ್ಚಬೇಕು ತಂಗಿ. ಬಿಚ್ಚಿ ನೋಡೋಣ, ಹೊಲಸಾಗಿದ್ದರ ತಗದುಬಿಡೋಣ" ಎಂದರು.

ನಾನು ಭಟ್ಟರ ಕಾಲ್ಬೆರಳಿನ ಉಗುರು ಒತ್ತುತ್ತ ಕೂತೆ. ಅವರು ನನ್ನನ್ನೇ ನೋಡಿ ಮತ್ತೆ ಕೇಳಿದರು: "ನೀ ಅಲ್ಲೆ ಇಂಥಾವು ಬೇಕಾದಷ್ಟು ಹಾಕೀದಿ ಅಂತೀ. ಬಿಚ್ಚಿದಾಗ ಒಳಗ ಹ್ಯಾಂಗಿರ್ತಿತ್ತು? ಅದನ್ನರ ಹೇಳು."

"ನೋಡಿಲ್ಲ ಸರ್."

"ಅಂದರ?"

"ಒಂದನೂ ಬಿಚ್ಚಿ ನೋಡಿಲ್ಲ."

ಅದು ನಿಜ. ನನ್ನ ಮುಳ್ಳು ಮುರಿದುಕೊಂಡು ಕೂತಿದ್ದದ್ದು ಅಲ್ಲಿಯೇ, ಹೆರಿಗೆ ವಾರ್ಡಿನ ಸಿಟ್ಟು ಬರೀ ಮೇಲುಮಾತು. ಆ ಕೋಠಿಯ ಆಸ್ಪತ್ರೆಯಲ್ಲಿ ಯಾರನ್ನೂ ಬಹಳ ದಿನ ಇಟ್ಟುಕೊಳ್ಳುವಂತಿರಲಿಲ್ಲ. ಪ್ಲಾಸ್ಟರು ಒಣಗುವುದೇ ತಡ, ಸ್ಟ್ರೆಚರಿನ ಮೇಲೆ, ಹೇಸರಗತ್ತೆಯ ಮೇಲೆ, ಇನ್ನೂ ಹಿಂದಿನ ಊರುಗಳಿಗೆ ಕಳಿಸುತ್ತಿದ್ದೆವು. ಬೆಟ್ಟದ ದಾರಿಯಲ್ಲಿ ಬಿಳಿ ಕಾಲುಗಳು ಸಾಲಾಗಿ ತಿರುವು ದಾಟಿ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಮೇಲೆ ಏನಾಯಿತೆಂದು ಯಾರೂ ಬಂದು ಹೇಳಲಿಲ್ಲ. ನಡೆದರೋ, ಕಾಲು ಕಳೆದುಕೊಂಡರೋ, ದಾರಿಯಲ್ಲೇ ಸತ್ತರೋ. ಕಾಲು ಉಳಿಯುತ್ತದೆ ಎಂದು ನನಗೆ ಹೇಳಿದ್ದು ಆ ಸರ್ಜನ್ ಒಬ್ಬರೇ. ಪುಣೆಯಲ್ಲಿ ಹಾರ ಹಾಕಿ, ನೂರಾರು ಜನರ ಕಾಲು ಉಳಿಸಿ ಬಂದವರು ಎಂದು ಹೊಗಳುವಾಗಲೆಲ್ಲ ನನಗೆ ಕೊರಳು ತುರಿಸುತ್ತಿತ್ತು. ಉಳಿಸಿದ್ದೇನೆಯೇ ಎಂಬುದು ನನಗೇ ಗೊತ್ತಿರಲಿಲ್ಲ.

ಇದನ್ನೆಲ್ಲ ಅವರಿಗೆ ಹೇಳಿದೆ. ಹಿರಿಯರು ಬೈಯಲಿಲ್ಲ. "ಹಂಗಾರ ನಿನ್ನ ಹತ್ರ ಇರೋದು ಆ ಪರದೇಶದ ಡಾಕ್ಟರನ ಮಾತು ಒಂದ" ಎಂದರು.

"ಹೌದ್ರಿ."

ಭಟ್ಟರು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದರು. "ಬಿಚ್ಚಿದ್ರೆ ಕಾಲು ಉಳೀತದಾ ಅಮ್ಮ?"

"ಗೊತ್ತಿಲ್ರಿ."

"ಬಿಚ್ಚದಿದ್ರೆ?"

"ಅದೂ ಗೊತ್ತಿಲ್ರಿ."

"ಹಾಗಾದ್ರೆ ನೀವೇ ಹೇಳಿ. ನಾನು ಒಮ್ಮೆ ಹೇಳಿದ ಮಾತು ಕೇಳದೆ ಹೀಗೆ ಮಾಡ್ಕೊಂಡೆ. ಈ ಸಲ ಕೇಳ್ತೇನೆ."

ನಾನು ಮತ್ತೆ ಮೊದಲಿನಿಂದ ನೋಡಿದೆ. ಬೆರಳು ಬೆಚ್ಚಗಿತ್ತು, ಉಗುರು ಒತ್ತಿ ಬಿಟ್ಟರೆ ಕೆಂಪು ಮರಳುತ್ತಿತ್ತು. ನಾಲಿಗೆ ಹಸಿಯಾಗಿತ್ತು. ಜ್ವರವಿಲ್ಲ. ಸಂದಿನಲ್ಲಿ ಗಂಟಿಲ್ಲ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಬಂದಿದೆ, ಈಗ ಹಸಿವೆಯಾಗುತ್ತಿದೆ, ಪಾಯಸದ ಯೋಚನೆ ಮಾಡುತ್ತಿದ್ದಾರೆ. ಮನುಷ್ಯನನ್ನು ನೋಡು, ಪ್ಲಾಸ್ಟರನ್ನು ಮೂಸಬೇಡ ಎಂದು ಆ ಪರದೇಶದ ಸರ್ಜನ್ ನನಗೆ ಕಲಿಸಿದ್ದರು. ನೀರಿನ ವಿಚಾರ ಅವರು ಹೇಳಿರಲಿಲ್ಲ, ಎಳ್ಳೆಣ್ಣೆಯ ಸ್ನಾನ ಅವರಿಗೆ ಗೊತ್ತಿರಲಿಕ್ಕೂ ಇಲ್ಲ. ಈಗ ಬಿಚ್ಚಿದರೆ ಅರ್ಧ ಕೂಡಿದ ಮೂಳೆ ಅಲುಗುತ್ತದೆ, ಅದಂತೂ ಖಂಡಿತ. ಬಿಚ್ಚದಿದ್ದರೆ ಒಳಗೆ ಏನೋ ಆಗಬಹುದು, ಆಗದಿರಬಹುದು. ನೋಡಿಬಿಡಬೇಕೆಂಬ ಆಸೆ ನನ್ನ ಕೈಬೆರಳುಗಳಲ್ಲೇ ಇತ್ತು. ಅದು ಭಟ್ಟರಿಗಾಗಿಯೋ, ನನಗಾಗಿಯೋ ಎಂದು ಕೇಳಿಕೊಂಡೆ. ನನಗಾಗಿಯೇ ಎಂದು ತಿಳಿಯಿತು.

"ಬಿಚ್ಚೋದು ಬ್ಯಾಡ ಸರ್. ಮ್ಯಾಲೆ ಹೊಸಾ ಪ್ಲಾಸ್ಟರ್ ಹಾಕ್ತೀನಿ."

ಹಿರಿಯರು ಹೊಸ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದರು. "ಆತು. ನಾ ಎಳದ ಹಿಡೀತೀನಿ" ಎಂದರು.

ಆ ಹಬ್ಬದ ದಿನ ಹೋಟೆಲಿನ ದೊಡ್ಡ ಬಾಣಲೆಯಲ್ಲಿ ಶಿರಾಕ್ಕೆ ಮೊದಲು ಆಸ್ಪತ್ರೆಯಿಂದ ತರಿಸಿದ ಪ್ಲಾಸ್ಟರು ಹುರಿದರು. ಭಟ್ಟರನ್ನು ಮಂಚ ಸಮೇತ ಮಾಳಿಗೆಯ ಬಿಸಿಲಿಗೆ ತಂದೆವು. ಹಿರಿಯರು ಹಿಮ್ಮಡಿ ಎಳೆದು ಹಿಡಿದರು, ಒಬ್ಬ ಆಳು ಮೊಳಕಾಲು ಹಿಡಿದ. ಮೆತ್ತಗಾದ ಪ್ಲಾಸ್ಟರನ್ನು ಬಿಚ್ಚದೆ, ಅದರ ಮೇಲೆ ಸೀಳಿದ ಬಿದಿರಿನ ದಬ್ಬೆ ಇಟ್ಟು, ಹೊಸ ಪಟ್ಟಿ ಸುತ್ತಿ, ಬಿಸಿಲಿನಲ್ಲೇ ಒಣಗಲು ಬಿಟ್ಟೆ. ಸುತ್ತಲಿನ ವಾಡೆಗಳಿಂದ ಪಟಾಕಿ ಸಿಡಿಯುತ್ತಿತ್ತು. ಭಟ್ಟರಿಗೆ ಪಾಯಸ ಮಾಳಿಗೆಗೇ ಬಂತು. ಅವರು ಒಂದು ಗುಟುಕು ಕುಡಿದು, ಏಲಕ್ಕಿ ಕಡಿಮೆಯಾಯಿತು ಎಂದರು.

ಮರುದಿನ ಅವರಿಗೆ ಜ್ವರ ಬಂತು.

ಅಮಾವಾಸ್ಯೆಯ ಬೆಳಿಗ್ಗೆ ಥರ್ಮಾಮೀಟರು ನೋಡಿ ಹಿರಿಯರನ್ನು ಕರೆಸಿದೆ. ಹಿರಿಯರು ಬಂದು ನೋಡಿ, ಕರಾರು ನೆನಪಿಸಲಿಲ್ಲ. "ಸಂಜಿತನಕಾ ನೋಡೋಣ" ಎಂದಷ್ಟೇ ಹೇಳಿ ಕುರ್ಚಿ ಎಳೆದು ಕೂತರು. ನಾನು ಹೆರಿಗೆ ವಾರ್ಡಿಗೆ ಹೇಳಿ ಕಳಿಸಿ ಅಲ್ಲೇ ಉಳಿದೆ. ತಪ್ಪು ತೀರ್ಮಾನ ಮಾಡಿ ಈ ಮನುಷ್ಯನನ್ನು ಕೊಂದೆನೆಂದು ನನಗೆ ಖಾತ್ರಿಯಾಗಿತ್ತು. ನಾಡಿ ಹಿಡಿದು ಕೂತೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಭಟ್ಟರು ಎದ್ದು ಕೂತು, ಮುಖ ಕಿವುಚಿ, ಸೀನಿದರು. ಒಂದರ ಹಿಂದೆ ಒಂದು. ಮೂಗು ಸೋರತೊಡಗಿತು.

ಹಿರಿಯರು ಅವರ ಗಂಟಲಲ್ಲಿ ಚಮಚ ಇಟ್ಟು ನೋಡಿದರು, ತೊಡೆಯ ಸಂದು ಒತ್ತಿದರು, ಕುರ್ಚಿಗೆ ಒರಗಿದರು. "ನೆಗಡಿ ತಂಗಿ. ಆರು ವಾರದ ಮ್ಯಾಲೆ ತಲಿಗೆ ನೀರು ಬಿದ್ದದಲ್ಲ, ನೆಗಡಿ ಆಗೇದ. ಕಷಾಯ ಕುಡಸ್ರಿ." ಯಜಮಾನರು ಅಷ್ಟರಲ್ಲಿ ಶುಂಠಿ ಜಜ್ಜಲು ಓಡಿದ್ದರು.

ಎರಡು ದಿನದಲ್ಲಿ ಜ್ವರ ಬಿಟ್ಟಿತು. ವಾಸನೆ ಮಾತ್ರ ಬಿಡಲಿಲ್ಲ. ಕಾರ್ತಿಕದ ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಭಟ್ಟರನ್ನು ಆಸ್ಪತ್ರೆಗೆ ತಂದು, ಕಿಟಕಿಗಳನ್ನೆಲ್ಲ ತೆರೆದು, ಪ್ಲಾಸ್ಟರಿನ ಕತ್ತರಿ ಹಿಡಿದೆ. ಹಿರಿಯರು ಪಕ್ಕಕ್ಕೆ ನಿಂತರು. ನರ್ಸುಗಳು ಮೂಗಿಗೆ ಕರ್ಪೂರದ ಬಟ್ಟೆ ಕಟ್ಟಿಕೊಂಡರು. ಮೇಲಿನ ಹಬ್ಬದ ಪದರು ಕತ್ತರಿಸಿದೆ, ಅದರಡಿಯ ಹಳೆಯ ಪದರು ಸೀಳಿದೆ, ಎರಡು ಹೋಳು ಮಾಡಿ ಬಿಡಿಸಿದೆ. ವ್ಯಾಸಲೀನಿನ ಬಟ್ಟೆ ಕಂದು ಕೆಸರಿನಲ್ಲಿ ತೇಲುತ್ತ ತಾನಾಗಿಯೇ ಮೇಲೆ ಬಂದಿತ್ತು. ಚಿಮಟಿಗೆಯಿಂದ ಹಿಡಿದೆತ್ತಿದೆ. ಉಪ್ಪುನೀರು ಹಾಕಿ ಒರೆಸಿದೆ.

ಕೆಳಗೆ ಗಾಯವೇ ಇರಲಿಲ್ಲ ಎನ್ನಬೇಕು. ಗಾಲಿ ಸೀಳಿದ ಜಾಗ ತುಂಬಿಬಂದು, ಬಿಡಿಸಿದ ದಾಳಿಂಬೆಯ ಹಾಗೆ ಕೆಂಪಗೆ, ಸ್ವಚ್ಛವಾಗಿ ಹೊಳೆಯುತ್ತಿತ್ತು. ಅಂಚಿನಿಂದ ಹೊಸ ಚರ್ಮ ಒಳಕ್ಕೆ ಸರಿಯುತ್ತ ಬಂದಿತ್ತು. ಹಿರಿಯರು ಮುಂದೆ ಬಂದು, ಪೊರೆ ಬಂದ ಕಣ್ಣಿಗಿಂತ ಬೆರಳನ್ನೇ ನಂಬಿ, ಮೂಳೆಯ ಉದ್ದಕ್ಕೂ ಒತ್ತುತ್ತ ಹೋದರು. ಮುರಿದ ಕಡೆ ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದರು. ಅಲುಗಲಿಲ್ಲ.

"ಕೂಡೇದ" ಎಂದರು.

ಭಟ್ಟರು ಕತ್ತು ಉದ್ದ ಮಾಡಿ ತಮ್ಮ ಕಾಲನ್ನು ನೋಡಿಕೊಂಡರು. ಬಡಕಲಾಗಿ, ಬೆಳ್ಳಗಾಗಿ, ಬೇರೆ ಯಾರದೋ ಕಾಲಿನ ಹಾಗೆ ಕಾಣುತ್ತಿತ್ತು. ಹೆಬ್ಬೆರಳು ಅಲುಗಿಸಿದರು. ಅದು ಅಲುಗಿತು. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಇನ್ನೂ ಕೆಲವು ವಾರಕ್ಕೆ ಹೊಸ ಪ್ಲಾಸ್ಟರು ಹಾಕಬೇಕಿತ್ತು. ಪಟ್ಟಿ ಕೈಗೆ ತೆಗೆದುಕೊಂಡೆ, ಆದರೆ ನೀರಿಗೆ ಅದ್ದುವುದನ್ನು ಮರೆತು ಆ ಕಾಲನ್ನೇ ನೋಡುತ್ತ ನಿಂತೆ. ಹಿರಿಯರು ಅದನ್ನು ಮೆಲ್ಲಗೆ ನನ್ನಿಂದ ತೆಗೆದುಕೊಂಡು, "ನೀ ಹೊರಗ ಹೋಗು. ಇದು ನನಗ ಬರ್ತದ" ಎಂದರು.

ಹಿಂದಿನ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಚೀನಾದಲ್ಲಿ ಅತ್ತಿರಲಿಲ್ಲ, ಬಂದ ದಿನ ಅವ್ವನ ಮುಂದೆಯೂ ಅತ್ತಿರಲಿಲ್ಲ. ಬೆಟ್ಟದ ತಿರುವಿನಲ್ಲಿ ಮರೆಯಾದ ಆ ಸಾಲಿನ ಒಬ್ಬೊಬ್ಬರ ಪ್ಲಾಸ್ಟರೂ ಎಲ್ಲೋ ಒಂದು ಊರಿನಲ್ಲಿ ಹೀಗೆಯೇ ಬಿಚ್ಚಿರಬೇಕು, ಒಳಗೆ ಹೀಗೆಯೇ ಕೆಂಪಗೆ ಇದ್ದಿರಬೇಕು. ಎಲ್ಲರದೂ ಅಲ್ಲ, ಅಷ್ಟು ನಾನು ಬಲ್ಲೆ. ಆದರೂ ಆ ಹೊತ್ತಿನಲ್ಲಿ ಅವರೆಲ್ಲ ಎದ್ದು ನಡೆದು ಹೋದಂತೆ ನನ್ನ ಎದೆ ಹಗುರವಾಯಿತು.

ಯಜಮಾನರು ವರಾಂಡ ಸುತ್ತಿ ಬಂದವರು ನನ್ನನ್ನು ಕಂಡು ನಿಂತುಬಿಟ್ಟರು. ಅವರ ಮುಖ ಬಿಳಿಚಿಕೊಂಡಿತು. "ಹೋಯ್ತಾ ಅಮ್ಮ ಕಾಲು?"

ನಾನು ತಲೆ ಅಲ್ಲಾಡಿಸಿದೆ. ಕಣ್ಣು ಒರೆಸಿಕೊಂಡು, "ಉಳದಾವ್ರೀ. ಎಲ್ಲಾರ ಕಾಲೂ ಉಳದಾವ" ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತ ಪಕ್ಕದ ಮೆಟ್ಟಿಲ ಮೇಲೆ ಕೂತರು. "ಎಲ್ಲರದ್ದಾ?" ಎಂದರು. "ಮುರಿದದ್ದು ನಮ್ಮ ಭಟ್ಟನದ್ದು ಒಬ್ಬನದ್ದೇ ಅಲ್ವಾ ಅಮ್ಮ?"